ಡಾಪ್ಲರೋ, ಸ್ಟೆತಸ್ಕೋಪೋ, ತಪಾಸಣೆಯೋ?

ಜಮಖಂಡಿಯಲ್ಲಿರುವ ಬಸುರಿ ತಂಗಿಗೆ ಮನೆಯಲ್ಲೇ ಕೂಸಿನ ಎದೆಬಡಿತ ಕೇಳುವ ಆಸೆ. ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದಾಳೆ.

ಸ್ಟೆತಸ್ಕೋಪ್ ಅಗ್ಗ, ಆದರೆ ಸುಮಾರು 20 ವಾರದವರೆಗೆ ಅದರಲ್ಲಿ ಹೊಟ್ಟೆಯ ಗುಡುಗುಡುವೇ ಹೆಚ್ಚು. ಡಾಪ್ಲರ್ ಎಂದರೆ ಹೊಟ್ಟೆಯ ಮೇಲಿಟ್ಟು ಅಲ್ಟ್ರಾಸೌಂಡ್ ಅಲೆಗಳಿಂದ ಎದೆಬಡಿತ ಕೇಳಿಸುವ ಪುಟ್ಟ ಯಂತ್ರ. ಅದು ದುಬಾರಿ, 12 ವಾರದ ಸುಮಾರಿಗೇ ಸದ್ದು ಹಿಡಿಯುತ್ತದೆ. ತೊಡಕಿರುವುದು ಇಲ್ಲಿಯೇ: ತಾಯಿಯ ರಕ್ತನಾಳದ ಮಿಡಿತವನ್ನೂ ಅದು ಕೇಳಿಸುತ್ತದೆ. ಕೂಸಿನದು ನಿಮಿಷಕ್ಕೆ 110ರಿಂದ 160. ಗಾಬರಿಯಾದ ತಾಯಿಯದೂ ಆ ಅಂಕಿಯನ್ನು ಮುಟ್ಟಬಹುದು. ಸದ್ದು ಸಿಗದಿದ್ದರೆ ಭಯ, ಸಿಕ್ಕರೆ ಹುಸಿ ಧೈರ್ಯ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ಅಲ್ಲಿ ಕೇಳುವವರ ಕಿವಿ ಪಳಗಿರುತ್ತದೆ. ಮನೆಯವರೆಲ್ಲ ಒಮ್ಮೆ ಕೇಳಿ ಹಿಗ್ಗುವುದಕ್ಕಾದರೆ ಸ್ಟೆತಸ್ಕೋಪ್ ಸಾಕು. ದೂರದ ತೋಟದ ವಸ್ತಿಯಲ್ಲಿದ್ದು, ವೈದ್ಯರೇ ಹೇಳಿ ಕಲಿಸಿದ್ದರೆ ಡಾಪ್ಲರ್. ಕೂಸಿನ ಮಿಸುಕಾಟ ಕಡಿಮೆಯಾದ ದಿನ ಮಾತ್ರ ಯಾವ ಯಂತ್ರವನ್ನೂ ಹುಡುಕದೆ ನೇರ ಆಸ್ಪತ್ರೆಗೆ ಹೋಗಬೇಕು.