ಬಿರುಕು ಬಿಟ್ಟ ಗೋಡು, ಬಳಿದ ವಾರ್ನಿಷ್

ಮೈಸೂರಿನ ಸರಸ್ವತಿಪುರಂನಲ್ಲಿ ಹಳೆಯ ಮನೆಯೊಂದರ ಹಜಾರದಲ್ಲಿ ಎರಡು ವಾರ ನಡೆದ ಶಿಲ್ಪ ಪ್ರದರ್ಶನಕ್ಕೆ ನಾನು ಮೊದಲ ದಿನವೂ ಹೋಗಿದ್ದೆ, ಕೊನೆಯ ದಿನವೂ ಹೋಗಿದ್ದೆ. ಕಲ್ಲು, ಕಂಚುಗಳ ಗೊಡವೆಯಿಲ್ಲದೆ ಕೆರೆಯ ಗೋಡುಮಣ್ಣು, ಭತ್ತದ ಹುಲ್ಲು, ಕಬ್ಬಿನ ರಚ್ಚು, ತೆಂಗಿನ ನಾರುಗಳಿಂದಲೇ ಮಾಡಿದ ಒಂಬತ್ತು ಕೃತಿಗಳು ಅಲ್ಲಿದ್ದವು. ಎರಡನೆಯ ಭೇಟಿ ವ್ಯರ್ಥವಾಗದಂತೆ ಮಾಡಿದ್ದು ಅವುಗಳಲ್ಲಿ ಒಂದು ಮಾತ್ರ.

ಅದು ಹಜಾರದ ನಡುವೆ ಹತ್ತಡಿ ಉದ್ದಕ್ಕೆ ಹರಡಿದ್ದ ಹಸಿ ಗೋಡಿನ ಹಾಸು. ಅದರ ಮೇಲೆ ದೊಡ್ಡವರೊಬ್ಬರ ಮತ್ತು ಒಂದು ಮಗುವಿನ ಹೆಜ್ಜೆಗಳು ಜೊತೆಯಾಗಿ ಸಾಗಿ, ಬಿಂದಿಗೆ ಇಟ್ಟು ಎತ್ತಿದಂತಿದ್ದ ಒಂದು ಗುಳಿಯ ಬಳಿ ನಿಂತಿದ್ದವು. ಹಸಿಮಣ್ಣು ಒಣಗುವಾಗ ಮೇಲ್ಪದರ ಕೆಳಪದರಕ್ಕಿಂತ ಬೇಗ ನೀರು ಕಳೆದುಕೊಂಡು ಕುಗ್ಗುತ್ತದೆ. ಹಾಗಾಗಿ ಕೊನೆಯ ದಿನದ ಹೊತ್ತಿಗೆ ಹಾಸು ಹೆಂಟೆಹೆಂಟೆಯಾಗಿ ಸೀಳಿ, ಅಂಚುಗಳು ಹಪ್ಪಳದಂತೆ ಮೇಲೆದ್ದು, ಮಗುವಿನ ಹಿಮ್ಮಡಿ ಒಂದು ತುಂಡಿನಲ್ಲಿಯೂ ಬೆರಳುಗಳು ಇನ್ನೊಂದರಲ್ಲಿಯೂ ಉಳಿದಿದ್ದವು. 2015ರಲ್ಲಿ ಪ್ಯಾರಿಸ್ಸಿನ ಹವಾಮಾನ ಸಮ್ಮೇಳನದ ವೇಳೆ ಕಲಾವಿದ ಓಲಾಫರ್ ಎಲಿಯಾಸನ್ ಗ್ರೀನ್‌ಲ್ಯಾಂಡಿನ 12 ಹಿಮಗಡ್ಡೆಗಳನ್ನು ತಂದು ಬಯಲಿನಲ್ಲಿ ಕರಗಲು ಬಿಟ್ಟಿದ್ದು ಇದೇ ಜಾತಿಯ ಕೆಲಸ. ಆದರೆ ಹಬ್ಬದಲ್ಲಿ ಪೂಜಿಸಿದ ಮಣ್ಣಿನ ಗಣಪನನ್ನು ನೀರಿಗೆ ಬಿಟ್ಟು ಬರುವ ನಮಗೆ ಅಳಿದುಹೋಗುವ ಶಿಲ್ಪವನ್ನು ಯಾರೂ ಹೊಸದಾಗಿ ಪರಿಚಯಿಸಬೇಕಿಲ್ಲ.

ರಚ್ಚಿನ ಕೃತಿಯ ಬಗ್ಗೆ ಇಂಥ ಮೆಚ್ಚುಗೆಯ ಮಾತು ಹೇಳಲಾಗದು. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತ ಕೂಲಿ ಹೆಂಗಸನ್ನು ಆಳೆತ್ತರಕ್ಕೆ ಕಟ್ಟಿದ್ದಾರೆ. ರಸ ಹಿಂಡಿದ ಮೇಲೆ ಆಲೆಮನೆಯ ಒಲೆಗೆ ಹೋಗುವ ವಸ್ತುವಿನಿಂದಲೇ ದುಡಿಯುವ ಮೈಯನ್ನು ರೂಪಿಸುವ ಯೋಚನೆ, 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳನ್ನು ಕಂಡ ಮಂಡ್ಯದ ನೆರೆಯಲ್ಲಿ, ಎದೆಗೆ ನಾಟಬೇಕಾದದ್ದು. ಆದರೆ ಅಡಿಯಿಂದ ಮುಡಿಯವರೆಗೆ ದಪ್ಪನಾಗಿ ವಾರ್ನಿಷ್ ಬಳಿದಿರುವುದರಿಂದ ಆಕೆ ಬಟ್ಟೆ ಅಂಗಡಿಯ ಗೊಂಬೆಯಂತೆ ಹೊಳೆಯುತ್ತಾಳೆ. ಹುಳು ಹಿಡಿದೀತೆಂಬ ಭಯವಿದ್ದಿರಬಹುದು. ಹಿಡಿದರೆ ಹಿಡಿಯಲಿ, ಗೋಡಿಗೆ ಕೊಟ್ಟ ಸ್ವಾತಂತ್ರ್ಯವನ್ನು ರಚ್ಚಿಗೂ ಕೊಡಬಹುದಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇದು ನಮ್ಮ ರಚ್ಚಲ್ವಾ ಸ್ವಾಮಿ, ಇದಕ್ಯಾಕೆ ಪಾಲಿಶ್ ಹೊಡ್ದವ್ರೆ?" ಎಂದು ಕೇಳಿದರು. ವಿವರದ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿಯೇ ಇದ್ದುದರಿಂದ ಅವರಿಗೆ ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ನನ್ನ ಬಳಿಯೂ ಉತ್ತರವಿರಲಿಲ್ಲ.

ನಾರಿನ ಗೂಡುಗಳೂ ಹುಲ್ಲಿನ ಹಕ್ಕಿಗಳೂ ಅಚ್ಚುಕಟ್ಟಾಗಿವೆ, ಅಷ್ಟೇ. ಪ್ರವೇಶ ಉಚಿತವಾಗಿತ್ತು, ಸಂಜೆಯ ಬೆಳಕು ಮಾತ್ರ ಸಾಲದು, ಮೂಲೆಯ ಕೃತಿಗಳನ್ನು ನಾನು ಮೊಬೈಲಿನ ಟಾರ್ಚ್ ಹಿಡಿದು ನೋಡಿದೆ.

ಮಾರಾಟದ ಪಟ್ಟಿಯಲ್ಲಿ ಎಂಟು ಕೃತಿಗಳಿಗೆ ಬೆಲೆ ಇತ್ತು, ಗೋಡಿನ ಹಾಸಿಗೆ ಇರಲಿಲ್ಲ. ಕೊನೆಯ ಸಂಜೆ ಅದನ್ನು ಸನಿಕೆಯಿಂದ ಬಾಚಿ ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದ ಹುಡುಗನನ್ನು ವಿಚಾರಿಸಿದಾಗ, ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕುವುದಾಗಿ ಹೇಳಿದ.