ಹೊಡೆದ ತೋಟಾದ ಕೇಸನ್ನು ಮತ್ತೆ ತುಂಬುವವರು ಮೊದಲು ಅದರ ಬುಡ ನೋಡಿ

ಶಿರಸಿ ಕಡೆಯ ಒಂದು ರೈಫಲಿನಲ್ಲಿ ನಾಲ್ಕನೇ ಸಲ ತುಂಬಿದ್ದ ಹಿತ್ತಾಳೆ ಕೇಸು (ಮದ್ದು, ಗುಂಡು ಹಿಡಿದಿಡುವ ತೋಟಾದ ಕವಚ) ಎರಡು ತುಂಡಾಯಿತು. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆದರೆ ಬುಡದ ಬಿಲ್ಲೆ ಮಾತ್ರ ಹೊರಬಂತು, ಉಳಿದ ಕೊಳವೆ ಚೇಂಬರಿನಲ್ಲೇ, ಅಂದರೆ ತೋಟಾ ಕೂರುವ ಗೂಡಿನಲ್ಲೇ, ಕಚ್ಚಿಕೊಂಡಿತ್ತು. ಹಿಂದಕ್ಕೆ ನುಗ್ಗಿದ ಬಿಸಿ ಅನಿಲಕ್ಕೆ ಕೆನ್ನೆ ಸುಟ್ಟಿತು. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು. ಕೇಸಾದರೋ ಪೂಜೆಯ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು!

ಮೊದಲು ಕಾನೂನಿನ ಮಾತು. ಮದ್ದುಗುಂಡಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಎರಡೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡೆಂದೇ ಲೆಕ್ಕ. ಬೆಳೆ ರಕ್ಷಣೆಯ ಲೈಸೆನ್ಸು ಇರುವುದು ಕೋವಿ ಇಟ್ಟುಕೊಳ್ಳಲಿಕ್ಕೆ, ತೋಟಾ ತಯಾರಿಸಲಿಕ್ಕಲ್ಲ. ಅನುಮತಿ ಇಲ್ಲದವರು ಹೊಸ ತೋಟಾ ಕೊಂಡುಕೊಳ್ಳಿ, ಮುಂದಿನದು ನಿಮಗೆ ಬೇಡ.

ಕೇಸು ತುಂಡಾಗುವುದು ಹೀಗೆ. ಈಡು ಹಾರಿದ ಕ್ಷಣ ಕೇಸಿನ ತೆಳು ಗೋಡೆ ಉಬ್ಬಿ ಚೇಂಬರನ್ನು ಹಿಡಿದುಕೊಳ್ಳುತ್ತದೆ, ದಪ್ಪ ಬುಡ ಹಿಂದೆ ಸರಿದು ಬೋಲ್ಟಿಗೆ ಒರಗುತ್ತದೆ. ಇವೆರಡರ ನಡುವೆ, ಗಟ್ಟಿ ಬುಡ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ, ಹಿತ್ತಾಳೆ ಎಳೆಯುತ್ತದೆ. ಹೊಡೆದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು (ಸೈಜಿಂಗ್ ಡೈ) ಭುಜವನ್ನು, ಅಂದರೆ ಗೋಡೆ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರನ್ನು, ಅಗತ್ಯಕ್ಕಿಂತ ಹಿಂದೆ ಒತ್ತಿದ್ದರೆ ಪ್ರತಿ ಈಡಿಗೂ ಅಷ್ಟೇ ಎಳೆತ. ಡೈಯನ್ನು ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವ ತನಕ ತಿರುಗಿಸಿ, ಮೇಲೆ ಕಾಲು ಸುತ್ತು ಬಿಗಿ ಮಾಡುವ ರೂಢಿಯೇ ಹಲವು ರೈಫಲುಗಳಿಗೆ ಅತಿ. ಬೋಲ್ಟ್ ರೈಫಲಿಗೆ ಭುಜ 0.05ರಿಂದ 0.1 ಮಿ.ಮೀ. ಹಿಂದೆ ಸರಿದರೆ ಸಾಕು. .315, .303 ಬೋರಿನಂಥ, ಬುಡದಲ್ಲಿ ರಿಮ್ (ಹೊರಚಾಚಿದ ಅಂಚು) ಇರುವ ಕೇಸು ಇನ್ನೂ ಮೋಸದ್ದು. ತೋಟಾ ರಿಮ್ಮಿನ ಮೇಲೆ ನಿಲ್ಲುವುದರಿಂದ ಭುಜದ ಮುಂದೆ ಎಷ್ಟು ಖಾಲಿ ಇದೆಯೆಂದು ಗೊತ್ತಾಗುವುದೇ ಇಲ್ಲ, ಬೋಲ್ಟ್ ಮಾತ್ರ ಸಲೀಸಾಗಿ ಮುಚ್ಚುತ್ತದೆ.

ಪರೀಕ್ಷೆಗೆ ದುಡ್ಡು ಬೇಡ. ಗಟ್ಟಿ ಉಕ್ಕಿನ ತಂತಿಯ ತುದಿಯನ್ನು ಎರಡು ಮಿ.ಮೀ. ಕೊಕ್ಕೆ ಮಾಡಿ, ಮೊನೆ ಚೂಪಾಗಿಸಿ, ಕೇಸಿನ ತಳಕ್ಕೆ ಇಳಿಸಿ ಗೋಡೆಗೆ ಒತ್ತಿಕೊಂಡು ಮೇಲಕ್ಕೆ ಎಳೆಯಿರಿ. ಬುಡದ ಹತ್ತಿರ ಎಲ್ಲಾದರೂ ಕೊಕ್ಕೆ ತಡೆದರೆ ಒಳಗೆ ಹಳ್ಳ ಬಿದ್ದಿದೆ ಎಂದರ್ಥ. ಅದೇ ಮಟ್ಟದಲ್ಲಿ ಹೊರಗೆ ಬಿಳಚು ಉಂಗುರ ಕಂಡರಂತೂ ಮಾತೇ ಇಲ್ಲ, ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕಿ. ಹಾಗೇ ಬಿಟ್ಟರೆ ಯಾರೋ ಮತ್ತೆ ತುಂಬುತ್ತಾರೆ. ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪ್ರೈಮರ್ ಸಡಿಲವಾಗಿ ಕೂರುವ ಕೇಸಿಗೂ ಅದೇ ಗತಿ.

ಪ್ರತಿ ಈಡಿಗೂ ಕತ್ತು ಉದ್ದವಾಗುತ್ತದೆ. .308 ಕೇಸಿನ ಒಟ್ಟು ಉದ್ದದ ಮಿತಿ 51.18 ಮಿ.ಮೀ., ದಾಟಿದರೆ ಟ್ರಿಮ್ ಮಾಡಬೇಕು. ಇಲ್ಲದಿದ್ದರೆ ಕತ್ತು ಚೇಂಬರಿನ ಮುಂದಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿಹಿಡಿಯುತ್ತದೆ, ಒತ್ತಡ ಏರುತ್ತದೆ.

ಇನ್ನು ನಮ್ಮ ಊರಿನದೇ ಆದ ಅಪಾಯ. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳ ಕೇಸುಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಹಿತ್ತಾಳೆಯೊಳಗೆ ಉಳಿದ ಬಿಗುವು ಮೂರೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿವರಣೆ ಸಿಕ್ಕಿತು. ನಮ್ಮಲ್ಲಿ ಲಾಯದ ಬದಲು ದನದ ಕೊಟ್ಟಿಗೆ, ಅಷ್ಟೇ ವ್ಯತ್ಯಾಸ. ಕೊಟ್ಟಿಗೆಯ ಅಟ್ಟದಲ್ಲಿ ಕೇಸೂ ಬೇಡ, ತೋಟಾವೂ ಬೇಡ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಕೂಡ ಹಾಗೇ ಕೆಡಿಸುತ್ತದೆ. ಹುಣಸೆಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಸತು ಕರಗಿ ತಾಮ್ರದ ಕೆಂಪು ಕಲೆ ಉಳಿಯುತ್ತದೆ, ಅಲ್ಲಿ ಹಿತ್ತಾಳೆ ದುರ್ಬಲ. ಸೋಪಿನ ನೀರು ಸಾಕು, ತೊಳೆದು ಪೂರ್ತಿ ಒಣಗಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಬಚ್ಚಲ ಒಲೆಯ ಕೆಂಡಕ್ಕೆ ಕೇಸು ಹಾಕಿ ಮೆದು ಮಾಡುವುದು. ಗಡುಸಾದ ಕತ್ತನ್ನು ಮಾತ್ರ ಕಾಯಿಸಬೇಕು, ಬುಡ ತಣ್ಣಗಿರಬೇಕು. ಬುಡ ಮೆತ್ತಗಾದ ಕೇಸು ಒತ್ತಡಕ್ಕೆ ಹರಿದು ಅನಿಲವೆಲ್ಲ ಹೊಡೆಯುವವನ ಮುಖಕ್ಕೇ ಬರುತ್ತದೆ.

ಕೇಸಿನ ತುಂಡು ಚೇಂಬರಿನಲ್ಲಿ ಉಳಿದರೆ ಇನ್ನೊಂದು ತೋಟಾ ಒತ್ತಿ ನೂಕುವ ಪ್ರಯತ್ನ ಬೇಡ. ಮ್ಯಾಗಜೀನ್ ಖಾಲಿ ಮಾಡಿ, ಬೋಲ್ಟ್ ತೆಗೆದಿಟ್ಟು, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ. ಅದೇ ಸಲ ತುಂಬಿದ ಉಳಿದ ತೋಟಾಗಳನ್ನೂ ಹೊಡೆಯಬೇಡಿ.