ಅಡ್ವಾನ್ಸ್ಡ್ ಡ್ರೈವಿಂಗ್ ಪಾಠಗಳು: ಯಾವುದು ಸೀಟಿನವರೆಗೂ ಬರುತ್ತದೆ?

ಲೈಸೆನ್ಸ್ ಸಿಕ್ಕಿ ವರ್ಷಗಳಾದವರಿಗೆ ಇನ್ನೂ ಚೆನ್ನಾಗಿ ಓಡಿಸುವುದನ್ನು ಹೇಳಿಕೊಡುವ ಕೆಲಸ ನನ್ನದು. ಇವರಿಗೆ ಕ್ಲಚ್ ಗೊತ್ತು, ರಿವರ್ಸ್ ಗೊತ್ತು, ಪಾರ್ಕಿಂಗ್ ಗೊತ್ತು. ಯಾವ ಹೊತ್ತಿನಲ್ಲಿ ಎಲ್ಲಿ ನೋಡಬೇಕು ಅನ್ನುವುದರಲ್ಲೇ ಎಡವುತ್ತಾರೆ. ಹಾಗಾಗಿ ಪುಸ್ತಕ ಇರಲಿ, ವಿಡಿಯೊ ಇರಲಿ, ನಾನು ಕೇಳುವ ಪ್ರಶ್ನೆ ಒಂದೇ. ಇದನ್ನು ಓದಿದವರ ಕಣ್ಣು ನಾಳೆ ರಸ್ತೆಯಲ್ಲಿ ಬೇರೆ ಕಡೆ ಹೋಗುತ್ತದಾ? ಹೋಗದಿದ್ದರೆ ಚಿತ್ರಗಳು ಎಷ್ಟು ಚೆನ್ನಾಗಿದ್ದರೇನು ಬಂತು.

ಮೊದಲಿಗೆ ರೋಡ್‌ಕ್ರಾಫ್ಟ್. ಈ ವಿಷಯದಲ್ಲಿ ಯಾರ ಜೊತೆ ಮಾತಾಡಿದರೂ ಅದರ ಹೆಸರು ಬಂದೇ ಬರುತ್ತದೆ. ಬ್ರಿಟನ್ನಿನ ಪೊಲೀಸ್ ಚಾಲಕರಿಗಾಗಿ ಬರೆದ ಕೈಪಿಡಿ ಇದು. 1955ರಲ್ಲಿ ಮೊದಲು ಬಂತು, ಆಮೇಲೆ ಹಲವು ಸಲ ತಿದ್ದಿ ಬರೆದಿದ್ದಾರೆ. ಇದರ ಬೆನ್ನೆಲುಬು ಐದು ಹಂತಗಳ ಒಂದು ಕ್ರಮ: ಮಾಹಿತಿ, ಸ್ಥಾನ, ವೇಗ, ಗೇರ್, ಆಕ್ಸಿಲರೇಷನ್. ಮುಂದೆ ಏನೋ ಅಪಾಯ ಕಂಡಿತು ಅಂದುಕೊಳ್ಳಿ. ಮೊದಲು ರಸ್ತೆಯಲ್ಲಿ ಸರಿಯಾದ ಜಾಗಕ್ಕೆ ಬನ್ನಿ, ಆಮೇಲೆ ವೇಗ ಇಳಿಸಿ, ಆ ವೇಗಕ್ಕೆ ತಕ್ಕ ಗೇರ್ ಹಾಕಿ, ಕೊನೆಗೆ ಆಕ್ಸಿಲರೇಟರ್. ಮಾಹಿತಿ ಮಾತ್ರ ಒಂದು ಹಂತಕ್ಕೆ ಮುಗಿಯುವುದಿಲ್ಲ. ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು ಎಲ್ಲಾ ಹಂತದಲ್ಲೂ ನಡೆಯುತ್ತಲೇ ಇರಬೇಕು. ಕಲಿಯುವವರು ಮೊದಲು ಮರೆಯುವುದು ಇದನ್ನೇ. ಐದೂ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದು, ಕನ್ನಡಿಯನ್ನು ಆರಂಭದಲ್ಲಿ ಒಂದು ಸಲ ನೋಡಿ ಸುಮ್ಮನಾಗುತ್ತಾರೆ.

ಪುಸ್ತಕಕ್ಕೆ ಕೊಟ್ಟ ದುಡ್ಡು ವಸೂಲಾಗುವುದು ತಿರುವುಗಳ ಭಾಗದಲ್ಲಿ. ತಿರುವಿನಲ್ಲಿ ರಸ್ತೆಯ ಎಡ ಅಂಚು, ಬಲ ಅಂಚು ದೂರದಲ್ಲಿ ಒಂದಾಗುವಂತೆ ಕಾಣುವ ಜಾಗ ಇರುತ್ತದಲ್ಲ, ಅದು ಲಿಮಿಟ್ ಪಾಯಿಂಟ್. ಅದು ನಿಮ್ಮ ಕಡೆಗೇ ಬರುತ್ತಿದ್ದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ನಿಮ್ಮಷ್ಟೇ ವೇಗದಲ್ಲಿ ಮುಂದಕ್ಕೆ ಸರಿಯುತ್ತಿದ್ದರೆ ವೇಗ ಹೊಂದಿಕೊಂಡಿದೆ. ದೂರ ಓಡತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಮೆಲ್ಲಗೆ ವೇಗ ಕೂಡಿಸಬಹುದು. ಇದರ ಹಿಂದಿರುವ ನಿಯಮ ಇನ್ನೂ ಸರಳ: ಕಣ್ಣಿಗೆ ಖಾಲಿ ಕಾಣುವಷ್ಟು ದೂರದೊಳಗೆ, ನಮ್ಮ ಬದಿಯಲ್ಲೇ, ಗಾಡಿ ನಿಲ್ಲಿಸಲು ಆಗಬೇಕು. ಇದನ್ನು ಓದಿದ ಮರುದಿನವೇ ಜನರ ಓಡಿಸುವ ರೀತಿ ಬದಲಾಗಿದ್ದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ. ತಿರುವಿನ ನಡುವೆ ಬ್ರೇಕ್ ಒತ್ತುವ ಚಟ ತಾನಾಗೇ ಕಡಿಮೆಯಾಗುತ್ತದೆ.

ದೋಷ ಇಲ್ಲ ಅಂತಲ್ಲ. ಬರವಣಿಗೆ ಒಣಕಲು. ಸ್ಟೀರಿಂಗ್ ಹಿಡಿಯುವ ವಿಷಯಕ್ಕೆ ಅದು ಕೊಡುವ ಜಾಗ ನನ್ನ ಪ್ರಕಾರ ಜಾಸ್ತಿಯೇ ಆಯ್ತು. ಎಳೆದು ತಳ್ಳಿ ತಿರುಗಿಸುವುದು ಒಳ್ಳೆಯ ಪದ್ಧತಿ, ಒಪ್ಪುತ್ತೇನೆ. ಆದರೆ ಕೆಲವು ಟ್ಯೂಟರ್‌ಗಳು ಅದನ್ನೇ ಹಿಡಿದು ಕೂತು, ಕಲಿಯುವವರ ಕೈ ನೋಡುತ್ತಾ ಕಣ್ಣು ನೋಡುವುದನ್ನೇ ಮರೆಯುತ್ತಾರೆ. ಬ್ರೇಕ್ ಮತ್ತು ಗೇರ್ ಬೇರೆಬೇರೆ ಇರಬೇಕು ಅನ್ನುವುದೂ ಹಾಗೆಯೇ. ಕೆಲವು ಸಂದರ್ಭಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡಬಹುದು ಅಂತ ಹೊಸ ಆವೃತ್ತಿಗಳೇ ಹೇಳುತ್ತವೆ. ಹಳೇ ಆವೃತ್ತಿ ಓದಿ ಬೆಳೆದ ಟ್ಯೂಟರ್‌ಗಳು ಇದನ್ನು ಒಪ್ಪುವುದು ಸ್ವಲ್ಪ ಕಷ್ಟ!

ನಿಲ್ಲುವ ದೂರದ ಪಟ್ಟಿಗಳನ್ನು ಮಾತ್ರ ಹಾಗೇ ನಂಬಬೇಡಿ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನ ಪಟ್ಟಿಯಲ್ಲಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಗಕ್ಕೆ 23 ಮೀಟರ್ ಅಂತ ಇದೆ. ಅದರಲ್ಲಿ 9 ಮೀಟರ್ ಯೋಚಿಸುವಷ್ಟರಲ್ಲಿ ಹೋಗುತ್ತದೆ, 14 ಮೀಟರ್ ಬ್ರೇಕಿಗೆ. 48 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 13 ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ ಹೋಗುತ್ತೇವೆ. ಅಲ್ಲಿಗೆ ಪಟ್ಟಿ ನಮಗೆ ಕೊಟ್ಟ ಸಮಯ ಸೆಕೆಂಡಿನ ಮೂರರಲ್ಲಿ ಎರಡು ಭಾಗ ಅಷ್ಟೇ. ದಣಿದವರು, ಮಾತಿನಲ್ಲಿ ಮುಳುಗಿದವರು ಒಂದೂವರೆ ಸೆಕೆಂಡ್ ತೆಗೆದುಕೊಂಡರೆ ಬ್ರೇಕ್ ಹಿಡಿಯುವ ಮೊದಲೇ 20 ಮೀಟರ್ ಮುಗಿಯಿತು. ಒಟ್ಟು 34. ಈ ಲೆಕ್ಕವನ್ನು ನಾನು ಕಲಿಯುವವರ ಕೈಯಲ್ಲೇ ಮಾಡಿಸುತ್ತೇನೆ. ಪಟ್ಟಿ ಬಾಯಿಪಾಠ ಮಾಡಿಸಿದ್ದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ. ಇನ್ನೊಂದು ವಿಷಯ. ಅದೇ ಪಟ್ಟಿಯಲ್ಲಿ ವೇಗ 60 ಮೈಲಿಗೆ ಏರಿದಾಗ ಬ್ರೇಕಿನ ದೂರ 14ರಿಂದ 55 ಮೀಟರ್ ಆಗುತ್ತದೆ. ವೇಗ ಎರಡು ಪಟ್ಟು, ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟು.

ವಿಡಿಯೊಗಳಿಗೆ ಬರೋಣ. ಓಡಿಸುತ್ತಾ ಕಾಮೆಂಟರಿ ಹೇಳುವ ವಿಡಿಯೊಗಳು ಕಲಿಯುವವರಿಗೆ ತುಂಬಾ ಇಷ್ಟ. ಒಳ್ಳೆಯದನ್ನು ಗುರುತಿಸುವುದು ಹೇಗೆ? ಮಾತು ಮೊದಲು ಬರಬೇಕು, ಗಾಡಿಯ ಚಲನೆ ಆಮೇಲೆ. 'ಎಡಗಡೆ ಬಸ್ ನಿಂತಿದೆ, ಅದರ ಮುಂದಿನಿಂದ ಯಾರಾದರೂ ಬರಬಹುದು, ಸ್ವಲ್ಪ ಬಲಕ್ಕೆ ಸರಿದು ವೇಗ ಇಳಿಸುತ್ತೇನೆ' ಅಂದಮೇಲೆ ಗಾಡಿ ಸರಿಯಬೇಕು. ಬ್ರೇಕ್ ಹಿಡಿದ ಮೇಲೆ 'ಬ್ರೇಕ್ ಹಿಡಿದೆ' ಅನ್ನುವುದು ಕ್ರಿಕೆಟ್ ಕಾಮೆಂಟರಿ, ಅದರಿಂದ ಕಲಿಯುವುದು ಏನೂ ಇಲ್ಲ. ಆಮೇಲೆ, ಕಂಡದ್ದನ್ನೆಲ್ಲಾ ಹೇಳುವ ವಿಡಿಯೊಗಳೂ ಬೇಡ. ಯಾವುದನ್ನು ಬಿಡಬೇಕು ಅನ್ನುವುದೂ ಕೌಶಲವೇ ಅಲ್ವಾ? ದುಡ್ಡು ಕೊಟ್ಟು ಸೇರಿದ ಒಂದು ಆನ್‌ಲೈನ್ ಕೋರ್ಸಿನಲ್ಲಿ ಕ್ಯಾಮೆರಾ ಪೂರ್ತಿ ಟ್ಯೂಟರ್ ಮುಖದ ಮೇಲೇ ಇತ್ತು. ರಸ್ತೆ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಅರ್ಧಕ್ಕೇ ಬಿಟ್ಟೆ.

ಅಪಾಯ ಗುರುತಿಸುವ ಕ್ಲಿಪ್‌ಗಳು ಬೇರೆ ಜಾತಿ. ಬ್ರಿಟನ್ನಿನ ಲೈಸೆನ್ಸ್ ಪರೀಕ್ಷೆಗೆ ಇವು 2002ರಲ್ಲಿ ಸೇರಿದವು. ಹದಿನಾಲ್ಕು ಕ್ಲಿಪ್, ಹದಿನೈದು ಅಪಾಯ, ಬೇಗ ಕ್ಲಿಕ್ ಮಾಡಿದಷ್ಟೂ ಅಂಕ ಜಾಸ್ತಿ, ಒಂದೊಂದಕ್ಕೆ ಹೆಚ್ಚೆಂದರೆ 5. ಕಾರು ಓಡಿಸುವವರು 75ಕ್ಕೆ 44 ತೆಗೆಯಬೇಕು. ಹೊಸಬರಿಗೆ ಒಳ್ಳೆಯ ಅಭ್ಯಾಸ. ಮುಂದಿನ ಹಂತದವರಿಗೆ ಹಾಗೇ ಕೊಟ್ಟರೆ ಸಾಲದು, ಯಾಕೆಂದರೆ ಕ್ಲಿಕ್ ಮಾಡಿದ ಮೇಲೆ ಏನು ಮಾಡುತ್ತೀರಿ ಅಂತ ಅದು ಕೇಳುವುದೇ ಇಲ್ಲ. ನಾನು ಕ್ಲಿಪ್ ನಡುವೆಯೇ ನಿಲ್ಲಿಸಿ ಅದನ್ನೇ ಕೇಳುತ್ತೇನೆ. ಪುಕ್ಕಟೆ ಸಿಗುವ ಡ್ಯಾಶ್‌ಕ್ಯಾಮ್ ತುಣುಕು ಇದ್ದರೂ ಸಾಕು. ಅಪಘಾತ ಆಗುವ ಕ್ಷಣ ತೋರಿಸಬೇಡಿ, ಅದಕ್ಕೆ ಹತ್ತು ಸೆಕೆಂಡ್ ಮೊದಲೇ ನಿಲ್ಲಿಸಿ.

ಜಾರುವ ನೆಲದಲ್ಲಿ ಕಾರು ಸಂಭಾಳಿಸುವ ಪಾಠಗಳ ಬಗ್ಗೆ ಕೇಳುವವರು ಬಹಳ. ಮಜಾ ಇರುತ್ತದೆ, ನಿಜ. ಆದರೆ ನಾರ್ವೆಯಲ್ಲಿ ಹೊಸ ಚಾಲಕರಿಗೆ ಇಂಥ ತರಬೇತಿ ಕಡ್ಡಾಯ ಮಾಡಿ 1980ರ ದಶಕದಲ್ಲಿ ಪರಿಶೀಲಿಸಿದಾಗ, ಜಾರುವ ರಸ್ತೆಯಲ್ಲಿ ಗಂಡು ಹುಡುಗರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಕೈಗೆ ಸ್ವಲ್ಪ ಕಸುಬು ಬಂತು, ಧೈರ್ಯ ಅದಕ್ಕಿಂತ ಜಾಸ್ತಿ ಬಂತು. ಜಾರಿದ ಮೇಲೆ ಏನು ಮಾಡಬೇಕು ಅಂತ ಮಾತ್ರ ಹೇಳಿ, ಜಾರುವ ಪರಿಸ್ಥಿತಿಗೇ ಹೋಗದ ಹಾಗೆ ಓಡಿಸುವುದನ್ನು ಹೇಳದ ಕೋರ್ಸಿಗೆ ನನ್ನ ಶಿಫಾರಸು ಇಲ್ಲ.

ಟ್ಯೂಟರ್‌ಗಳಿಗೆ ಅಂತಲೇ ಇರುವ ಸಾಮಗ್ರಿ ತೀರಾ ಕಡಿಮೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಫಿನ್ಲೆಂಡಿನ ಸಂಶೋಧಕರು ರೂಪಿಸಿದ ಜಿಡಿಇ ಕೋಷ್ಟಕ, ಅಂದರೆ ಚಾಲಕರಿಗೆ ಏನೇನು ಕಲಿಸಬೇಕು ಅನ್ನುವ ಗುರಿಗಳ ಪಟ್ಟಿ. ಅದರಲ್ಲಿ ನಾಲ್ಕು ಮಟ್ಟ. ಕೆಳಗೆ ಗಾಡಿ ನಿಭಾಯಿಸುವುದು, ಅದರ ಮೇಲೆ ಟ್ರಾಫಿಕ್, ಅದರ ಮೇಲೆ ಈ ಪ್ರಯಾಣ ಯಾಕೆ, ಯಾರ ಜೊತೆ, ಯಾವ ಹೊತ್ತಿನಲ್ಲಿ ಅನ್ನುವುದು, ಎಲ್ಲಕ್ಕಿಂತ ಮೇಲೆ ಆ ಮನುಷ್ಯನ ಸ್ವಭಾವ, ಬದುಕು. ನಮ್ಮ ಪಾಠಗಳು ಹೆಚ್ಚಾಗಿ ಕೆಳಗಿನ ಎರಡರಲ್ಲೇ ಮುಗಿದುಹೋಗುತ್ತವೆ. ತಡವಾಗಿದೆ ಅಂತ ನುಗ್ಗುವವರಿಗೆ ಲಿಮಿಟ್ ಪಾಯಿಂಟ್ ಗೊತ್ತಿದ್ದರೂ ಪ್ರಯೋಜನವಿಲ್ಲ. ಅವರ ಜೊತೆ ಮಾತಾಡಬೇಕಾದದ್ದು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ ಅನ್ನುವುದನ್ನು. ರೋಡ್‌ಕ್ರಾಫ್ಟ್‌ನ ಹೊಸ ಆವೃತ್ತಿಗಳೂ ಚಾಲಕನ ಮನಸ್ಸಿನಿಂದಲೇ ಶುರುವಾಗುತ್ತವೆ. ಆ ಭಾಗವನ್ನು ಹಾರಿಸಿ ನೇರ ಗೇರ್ ಅಧ್ಯಾಯಕ್ಕೆ ಹೋಗುವವರೇ ಜಾಸ್ತಿ.

ಕೊಳ್ಳುವವರಿಗೆ: ಹಳೇ ಪ್ರತಿ ಅಗ್ಗಕ್ಕೆ ಸಿಕ್ಕರೆ ತಿರುವುಗಳ ಪಾಠಕ್ಕೆ ಸಾಕು. ಹೇಳಿಕೊಡುವವರಾದರೆ ಹೊಸದನ್ನೇ ತೆಗೆದುಕೊಳ್ಳಿ. ಬಲಬದಿ ಓಡಿಸುವ ದೇಶದಲ್ಲಿದ್ದರೆ ಚಿತ್ರಗಳನ್ನೆಲ್ಲಾ ತಲೆಯಲ್ಲೇ ತಿರುಗಿಸಿಕೊಳ್ಳಬೇಕು, ಅದು ಕಿರಿಕಿರಿ. ಬೈಕ್‌ನವರಿಗೆ ಬೇರೆಯೇ ರೋಡ್‌ಕ್ರಾಫ್ಟ್ ಇದೆ, ಕಾರಿನ ಪುಸ್ತಕಕ್ಕೆ ದುಡ್ಡು ಹಾಕಬೇಡಿ.